ತಂತಿ ಹೊಲಿಗೆ

ಅವಳಿಗೆ ಕತ್ತರಿಯಕ್ಕ ಅನ್ನೋ ಹೆಸರು ಹೊಲಿಗೆ ಕೆಲಸದಿಂದ ಬಂತು ಎಂದು ಹೊಸಬರು ತಿಳಿದುಕೊಳ್ಳುತ್ತಿದ್ದರು. ಅಲ್ಲ. ಆ ಗಲ್ಲಿಯಲ್ಲಿ ಇನ್ನೂ ಇಬ್ಬರು ಟೈಲರ್‌ಗಳಿದ್ದರು, ಅವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಪ್ಯಾಂಟಿನ ಅಳತೆ ಕೊಡಲು ಒಬ್ಬ ಲಾರಿ ಏಜೆಂಟ್ ಬಂದಿದ್ದ. ಅವಳು ಬಗ್ಗಿ ಟೇಪು ಹಿಡಿದಿದ್ದಾಗ ಬೆನ್ನ ಮೇಲೆ ಕೈಯಿಟ್ಟ. ಅವಳು ಕೂಗಲಿಲ್ಲ, ಬೈಯಲಿಲ್ಲ. ಆ ಕೈಯನ್ನೇ ಹಿಡಿದು ಮೇಜಿನ ಮೇಲಿಟ್ಟು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಅಂಗೈ ನಡುವೆ ಇಳಿಸಿದಳು. ಮೊನೆ ಮೇಜಿಗೆ ನಾಟಿಕೊಂಡಿತು. ಅವನು ಕಿರುಚುತ್ತಾ ಮೇಜಿನ ಸಮೇತ ಬಾಗಿಲವರೆಗೂ ಹೋದ. "ಪ್ಯಾಂಟು ಗುರುವಾರ ಕೊಡ್ತೀನಿ" ಎಂದಳಂತೆ. ಹೇಳಿದ ಮಾತಿಗೆ ತಪ್ಪದೆ ಹೊಲಿದೂ ಇಟ್ಟಿದ್ದಳು. ಅವನು ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಗಿಡ್ಡ ಆಳು, ಗಟ್ಟಿ ಮೈ, ಕೈ ಸದಾ ಮುಂದು. ನಾಲಿಗೆ ಕೈಗಿಂತ ಮುಂದು. ರೈಲು ಗೋದಾಮುಗಳ ಹಿಂದಿನ ಆ ಗಲ್ಲಿಯ ತುದಿಮನೆ ಅವಳದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಶಾಲೆಯ ಯೂನಿಫಾರಂ, ದಿಂಬಿನ ಚೀಲ, ಹರಿದ ಪ್ಯಾಂಟಿನ ರಿಪೇರಿ, ಬಂದದ್ದೆಲ್ಲ ಹೊಲಿಯುತ್ತಿದ್ದಳು. ಗಂಡ ಗೋದಾಮಿನಲ್ಲಿ ಮೂಟೆ ತೂಗುವವನು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಮಕ್ಕಳಿರಲಿಲ್ಲ. ಪರದೆಯ ಆಚೆ ಕಬ್ಬಿಣದ ಮಂಚದ ಮೇಲೆ ಅತ್ತೆ. ಮಂಡಿ ಹೋಗಿ ಮಲಗಿದಲ್ಲೇ ಇದ್ದರೂ ಅತ್ತೆಯ ಗಂಟಲಿಗೆ ಏನೂ ಆಗಿರಲಿಲ್ಲ.

ಅತ್ತೆ ಸೊಸೆ ಜಗಳ ಗಲ್ಲಿಗೆ ರೇಡಿಯೋ ಇದ್ದ ಹಾಗೆ.

"ಏನೇ, ಆ ಮಿಷನ್ನಿನ ಸದ್ದಿಗೆ ನನ್ನ ತಲೆ ಒಡೀತಿದೆ" ಎಂದು ಅತ್ತೆ ಕೂಗಿದರೆ, "ಒಡೆದ್ರೆ ಹೊಲಿದು ಕೊಡ್ತೀನಿ, ಸುಮ್ನೆ ಬಿದ್ಕೊಳ್ಳಿ" ಎಂದು ಇವಳು. ಒಮ್ಮೆ ಅತ್ತೆ ಎಸೆದ ಚೊಂಬು ಗಿರಾಕಿಯ ಹಣೆಗೆ ಬಡಿದು ರಕ್ತ ಬಂದಿತ್ತು. ಇನ್ನೊಮ್ಮೆ ಸೊಸೆ ಸಿಟ್ಟಿನಲ್ಲಿ ಮಂಚವನ್ನೇ ಎತ್ತಿ ಕುಕ್ಕಿದ್ದಳು. ಆದರೆ ಅತ್ತೆಯ ಬೆನ್ನಿಗೆ ಹುಣ್ಣಾಗದ ಹಾಗೆ ದಿನಾ ಬೆಳಿಗ್ಗೆ ಮಗ್ಗುಲು ತಿರುಗಿಸಿ, ಒರೆಸಿ, ಪುಡಿ ಹಚ್ಚುತ್ತಿದ್ದವಳೂ ಇವಳೇ. ಹಚ್ಚುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ.

ರಸ್ತೆ ಅಗಲ ಮಾಡುವವರು ಬಂದದ್ದೇ ಆ ಗಲ್ಲಿಯ ಕತೆ ಮುಗಿಯಿತು. ಮನೆ ಖಾಲಿ ಮಾಡಿ ಎಂದು ಗೋಡೆಗಳಿಗೆ ಕಾಗದ ಅಂಟಿಸಿ ಹೋಗಿದ್ದರು. ಕೆಲವರು ಹೋದರು, ಹಲವರು ಹೋಗಲಿಲ್ಲ. ಆ ಬೆಳಿಗ್ಗೆ ಪೊಲೀಸರ ಎರಡು ವ್ಯಾನು, ಒಂದು ಬುಲ್ಡೋಜರು, ಸಮ್ಮಟಿ ಹಾರೆ ಹಿಡಿದ ಕೂಲಿಯಾಳುಗಳು ಒಟ್ಟಿಗೇ ಬಂದಾಗ ಕತ್ತರಿಯಕ್ಕನ ಗಂಡ ತಾಯಿಯನ್ನು ಮಂಚದ ಸಮೇತ ಸಾಗಿಸಲು ಕೈಗಾಡಿ ತರಲು ಓಡಿದ. ಗಲ್ಲಿಯ ಬಾಯಿಗೆ ಪೊಲೀಸರು ಅಡ್ಡ ಕಟ್ಟಿದರು. ಅವನು ಗಾಡಿ ತಂದ. ಒಳಗೆ ಬಿಡಲಿಲ್ಲ.

ಒಡೆಯುವವರ ಮೇಸ್ತ್ರಿಯನ್ನು ಗೂಳಿ ಎನ್ನುತ್ತಿದ್ದರು. ಕತ್ತೇ ಇಲ್ಲದ, ಭುಜದಿಂದ ನೇರ ತಲೆ ಹುಟ್ಟಿದಂಥ ಆಳು. ತಲೆಗೆ ಹಳದಿ ಹೆಲ್ಮೆಟ್. ಅವನು ತುದಿಮನೆಗೆ ಬರುವ ಹೊತ್ತಿಗೆ ಗಲ್ಲಿಯಲ್ಲಿ ಕಲ್ಲು ತೂರಾಟ ಶುರುವಾಗಿತ್ತು. ಒಬ್ಬ ಕೂಲಿಯವನ ಕಿವಿ ಹರಿದಿತ್ತು, ಪಕ್ಕದ ಮನೆಯ ಹುಡುಗನ ಬೆನ್ನ ಮೇಲೆ ಲಾಠಿ ಮುರಿದಿತ್ತು. ಗೂಳಿಯ ಹಣೆಗೂ ಕಲ್ಲು ತಗಲಿ ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಅವನಿಗೆ ಯಾರ ಮಾತನ್ನೂ ಕೇಳುವ ತಾಳ್ಮೆ ಉಳಿದಿರಲಿಲ್ಲ.

"ಒಳಗೆ ನಮ್ಮತ್ತೆ ಇದಾರೆ!" ಎಂದು ಕತ್ತರಿಯಕ್ಕ ಬಾಗಿಲಲ್ಲಿ ನಿಂತು ಕೂಗಿದಳು. "ನಡೆಯೋಕಾಗಲ್ಲ ಅವರಿಗೆ. ಗಾಡಿ ಬರ್ತಿದೆ. ತಡಿ ಸ್ವಲ್ಪ!"

ಬುಲ್ಡೋಜರಿನ ಸದ್ದು ಗಲ್ಲಿ ತುಂಬಿತ್ತು. ಗೂಳಿ ಪಕ್ಕದ ಗೋಡೆಗೆ ಹೋಗಿ ಸಮ್ಮಟಿ ಬೀಸಿದ. ಹೆದರಿಸಿ ಓಡಿಸಲು ಎಂದು ಆಮೇಲೆ ಹೇಳಿದ. ಇರಬಹುದು. ಆದರೆ ಅದು ಹಳೇ ಮಣ್ಣಿಟ್ಟಿಗೆಯ ಗೋಡೆ. ಎರಡನೇ ಪೆಟ್ಟಿಗೆ ಹೊಟ್ಟೆ ಉಬ್ಬಿ, ಮೂರನೆಯದಕ್ಕೆ ಒಳಮುಖವಾಗಿ ಮಲಗಿಬಿಟ್ಟಿತು. ಮಾಡಿನ ತಗಡು ಚೀರುತ್ತಾ ಕೆಳಗಿಳಿಯಿತು. ಧೂಳಿನೊಳಗಿಂದ ಅತ್ತೆಯ ಕೂಗು ಒಂದೇ ಒಂದು ಸಲ ಬಂತು.

ಕತ್ತರಿಯಕ್ಕ ಧೂಳಿನೊಳಕ್ಕೆ ನುಗ್ಗಿದಳು. ಮಂಚ ನಡುವಿಗೆ ಬಾಗಿತ್ತು. ಅತ್ತೆಯ ಒಂದು ಕಾಲು ಇಟ್ಟಿಗೆಯಡಿ ಸಿಕ್ಕಿತ್ತು. ಮೊಣಕಾಲಿನ ಕೆಳಗೆ ಕಾಲೆಂದು ಹೇಳುವ ಆಕಾರವೇ ಉಳಿದಿರಲಿಲ್ಲ. ಹೊಲಿಗೆ ಮಿಷನ್ನು ಮಗುಚಿ ಅದರ ಚಕ್ರ ಇನ್ನೂ ತಿರುಗುತ್ತಿತ್ತು. ಅವಳ ಕೈಗೆ ಕತ್ತರಿ ಸಿಕ್ಕಿತು. ಹೊರಗೆ ಬಂದವಳೇ, ಏನಾಯಿತೆಂದು ನೋಡಲು ಬಗ್ಗಿದ್ದ ಗೂಳಿಯ ತೊಡೆಗೆ ಅದನ್ನು ಹಿಡಿಯವರೆಗೂ ಹೊಗಿಸಿದಳು. ಎಳೆದಳು. ಬರಲಿಲ್ಲ. ತಿರುಚಿದಳು. ಒಂದು ಅಲಗು ಲಟಕ್ಕೆಂದು ಮುರಿದು ಒಳಗೇ ಉಳಿಯಿತು. ಗೂಳಿ ಬೀಳುತ್ತಾ ಸಮ್ಮಟಿಯ ಮರದ ಕಾವು ಬೀಸಿದ. ಅದು ಅವಳ ದವಡೆಗೆ ಬಿತ್ತು. ಅವಳು ಹಲ್ಲುಗಳನ್ನು ಉಗುಳುತ್ತಾ ಅವನ ಮೇಲೇ ಬಿದ್ದಳು. ಬಿಡಿಸಲು ನಾಲ್ಕು ಮಂದಿ ಪೊಲೀಸರು ಬೇಕಾದರು.

ಆಸ್ಪತ್ರೆಯಲ್ಲಿ ಎರಡೂ ಕಡೆ ಮುರಿದಿದ್ದ ಅವಳ ದವಡೆಯನ್ನು ತಂತಿಯಿಂದ ಕಟ್ಟಿದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ಸಣ್ಣ ತಂತಿ ಹೊಗಿಸಿ, ತುದಿಗಳನ್ನು ಇಕ್ಕಳದಿಂದ ತಿರುಚಿ, ಒಳಕ್ಕೆ ಮಡಚಿ ಕೂರಿಸಿದರು. ನೋವಿನ ನಡುವೆಯೂ ಅವಳು ವೈದ್ಯರ ಕೈಯನ್ನೇ ನೋಡುತ್ತಿದ್ದಳು. ಕಚ್ಚಾ ಹೊಲಿಗೆ ಹಾಕುವ ಹಾಗೆ ಒಂದು ಮೇಲೆ ಒಂದು ಕೆಳಗೆ ಹೋಗುತ್ತಿತ್ತು ಆ ಕೈ. ಮೂಳೆ ಕೂಡುವವರೆಗೂ ಬಾಯಿ ತೆರೆಯುವ ಹಾಗಿಲ್ಲ, ನಳಿಕೆಯಲ್ಲಿ ಹಾಲು ಗಂಜಿ ಅಷ್ಟೇ ಎಂದರು.

ಅತ್ತೆಯ ಮಂಚ ಅದೇ ವಾರ್ಡಿನಲ್ಲಿ, ಎದುರುಬದುರು. ಕಾಲು ತೆಗೆದಿದ್ದರು. ಜ್ವರದ ನಡುವೆ ಒಮ್ಮೆ ಎಚ್ಚರವಾಗಿ ಸೊಸೆಯ ಕಟ್ಟಿದ ಮುಖವನ್ನು ನೋಡಿದ ಅತ್ತೆ, ಹುಬ್ಬು ಗಂಟಿಕ್ಕಿ ಯೋಚಿಸಿ, ನಗಲು ಶುರುಮಾಡಿದರು.

"ಅಯ್ಯೋ ಮಹಾತಾಯಿ, ಕೊನೆಗೂ ಬಾಯಿ ಮುಚ್ಚಿದ್ಯಲ್ಲೇ! ಇಷ್ಟು ವರ್ಷಕ್ಕೆ ಒಂದು ಸಲ ನಾನು ಗೆದ್ದೆ ನೋಡು."

ಕತ್ತರಿಯಕ್ಕ ಎದ್ದು ಹೋಗಿ ಅತ್ತೆಯ ಬೆನ್ನಡಿ ಕೈ ಹಾಕಿ ಮಗ್ಗುಲು ತಿರುಗಿಸಿದಳು. ಪುಡಿ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅತ್ತೆಯ ನಗು ಅಷ್ಟರಲ್ಲಿ ಅಳುವಾಗಿತ್ತು. ಕಾಲಿನ ನಂಜು ಏರಿ ಅತ್ತೆ ಆ ವಾರ ದಾಟಲಿಲ್ಲ. ಹೆಣ ಎತ್ತುವಾಗ ಸೊಸೆಗೆ ಬಾಯಿಬಿಟ್ಟು ಅಳಲೂ ಆಗಲಿಲ್ಲ. ಮೂಗಿನಿಂದ ಬರುತ್ತಿದ್ದ ಆ ಸದ್ದನ್ನು ಕೇಳಲಾರದೆ ವಾರ್ಡಿನ ಹೆಂಗಸರು ಮುಖ ತಿರುಗಿಸಿಕೊಂಡರು.

ಗೋಡೆ ಬಿದ್ದದ್ದನ್ನು ಅಪಘಾತ ಎಂದು ಬರೆದುಕೊಂಡರು. ತೊಡೆಗೆ ಇರಿದದ್ದು, ದವಡೆ ಒಡೆದದ್ದು ಎರಡೂ ಒಂದಕ್ಕೊಂದು ವಜಾ ಆಯಿತು.

ಗಂಡ ಹೆಂಡತಿ ಊರ ಹೊರಗಿನ ಶೆಡ್ಡೊಂದಕ್ಕೆ ಬಂದರು. ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಹಳೇ ಗಲ್ಲಿಗೆ ನಡೆದಳು. ಗಲ್ಲಿ ಇರಲಿಲ್ಲ. ಬರೀ ಇಟ್ಟಿಗೆ ಗುಡ್ಡೆ. ಮಿಷನ್ ಹುಡುಕಲು ಹೋದವಳು ನಜ್ಜುಗುಜ್ಜಾದ ಮಿಷನ್ನಿನ ಜೊತೆಗೆ ಬಾಗಿದ ಮಂಚ, ತಗಡು, ಯಾರದೋ ಕಿಟಕಿಯ ಸರಳು, ಚಪ್ಪಟೆಯಾದ ಚೊಂಬು, ಹಿಡಿಯಿಲ್ಲದ ಸೌಟು ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿ ಎಳೆದು ತಂದಳು. ದಿನಾ ಹೋದಳು. ಗೂಳಿ ಬಿದ್ದಿದ್ದ ಜಾಗದಲ್ಲಿ ಅವನ ಹಳದಿ ಹೆಲ್ಮೆಟ್ ಸಿಕ್ಕಿತು. ಅದರ ಹಿಂಬದಿಗೆ ಯಾರೋ ಕೆಂಪು ಉಗುರುಬಣ್ಣದಲ್ಲಿ ಸೊಟ್ಟ ಮೀನೊಂದನ್ನು ಬರೆದಿದ್ದರು. ಅಲ್ಲೇ ಅವನ ಸಮ್ಮಟಿಯೂ ಇತ್ತು, ಮುರಿದ ಅವಳ ಕತ್ತರಿಯೂ ಇತ್ತು. ಅವನ್ನೂ ಚೀಲಕ್ಕೆ ಹಾಕಿಕೊಂಡಳು.

ಅವಳು ಏನು ಮಾಡಬೇಕೆಂದುಕೊಂಡಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಬಾಯಿ ಕಟ್ಟಿತ್ತು, ಕೈ ಕಟ್ಟಿರಲಿಲ್ಲ, ಹೊಲಿಯಲು ಮಿಷನ್ನಿರಲಿಲ್ಲ. ಒಂದು ತಗಡಿನ ಅಂಚಿಗೆ ಮೊಳೆಯಿಟ್ಟು ಸುತ್ತಿಗೆಯಿಂದ ತೂತು ಹೊಡೆದಳು. ಪಕ್ಕದ ತಗಡಿಗೂ ಹೊಡೆದಳು. ಕಟ್ಟಡದವರು ಸರಳು ಕಟ್ಟುವ ಬೈಂಡಿಂಗ್ ವೈರನ್ನು ಎರಡಕ್ಕೂ ಹೊಗಿಸಿ, ಎಳೆದು, ಇಕ್ಕಳದಿಂದ ತಿರುಚಿದಳು. ಎರಡು ತಗಡು ಒಂದಾಯಿತು. ವೈದ್ಯರು ಅವಳ ಬಾಯಿಗೆ ಮಾಡಿದ್ದೂ ಅದನ್ನೇ. ಅವತ್ತಿನಿಂದ ಶೆಡ್ಡಿನಲ್ಲಿ ಟಣ್ ಟಣ್ ಶುರುವಾಯಿತು.

ಮೊದಲು ಹುಟ್ಟಿದ್ದು ಅತ್ತೆ. ಮಂಚದ ಬಾಗಿದ ಚೌಕಟ್ಟಿನ ಮೇಲೆ ಬೆನ್ನುಮೂಳೆಗೆ ನೀರಿನ ಪೈಪು, ಎದೆಗೆ ತಗಡು, ಗಂಟಲಿಗೆ ಒಲೆಯ ಹೊಗೆಕೊಳವೆ. ಬಾಯಿ ಜಾಗದಲ್ಲಿ ಆ ಚೊಂಬು, ತೆರೆದ ಬಾಯಿ ನೋಡುವವರ ಕಡೆಗೆ. ಒಂದು ಕಾಲು ಇತ್ತು, ಇನ್ನೊಂದರ ಜಾಗದಲ್ಲಿ ಪುಡಿ ಇಟ್ಟಿಗೆ ತುಂಬಿದ ಚೀಲ. ತಗಡಿನ ಅಂಚು ಕೊಯ್ದು ಅವಳ ಬೆರಳುಗಳು ಹರಿದುಹೋಗುತ್ತಿದ್ದವು. ರಕ್ತ ತಗಡಿಗೆ ಅಂಟಿ ಕಪ್ಪಾಗುತ್ತಿತ್ತು, ಒರೆಸುತ್ತಿರಲಿಲ್ಲ.

ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ.

"ಇದು... ಅಮ್ಮನಾ?"

ಅವಳು ತಲೆಯಾಡಿಸಿದಳು.

"ಇದನ್ನ ಯಾಕೆ ಇಲ್ಲಿಟ್ಟಿದೀಯ? ನಾನು ಮಲಗೋದು ಹೇಗೆ? ಬಿಚ್ಚು ಇದನ್ನ."

ಉತ್ತರ ಹೇಳಲಾಗದೆ ಅವಳು ಕೈಗೆ ಸಿಕ್ಕ ಇಕ್ಕಳವನ್ನೇ ಎಸೆದಳು. ಅದು ಅವನ ಕಿವಿ ಸವರಿ ಗೋಡೆಗೆ ಬಡಿಯಿತು. ಅವನು ಇಕ್ಕಳವನ್ನು ಎತ್ತಿ ಮೇಜಿನ ಮೇಲಿಟ್ಟು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಮಾರನೇ ದಿನದಿಂದ ಗೋದಾಮಿನಲ್ಲಿ ಬಿದ್ದಿರುತ್ತಿದ್ದ ತಂತಿಯ ಸುರುಳಿಗಳನ್ನು ಜೇಬಿನಲ್ಲಿ ತಂದುಕೊಡತೊಡಗಿದ.

ಬಾಯಿಯ ತಂತಿ ಬಿಚ್ಚಿದ ಮೇಲೆ ಅವಳು ಒಂದು ಹಳೇ ಮಿಷನ್ ಬಾಡಿಗೆಗೆ ತಂದು ಶೆಡ್ಡಿನ ಮುಂದುಗಡೆಯೇ ಮತ್ತೆ ಹೊಲಿಗೆ ಶುರುಮಾಡಿದಳು. ದವಡೆ ಒಂದು ಕಡೆಗೆ ವಾಲಿತ್ತು, ಅಗಿಯುವಾಗ ಕಟಕ್ ಎನ್ನುತ್ತಿತ್ತು. ಕೋಟಿನ ತೋಳು ಕಿರಿದು ಮಾಡಿಸಲು ಬಂದ ಡ್ರಾಯಿಂಗ್ ಮೇಷ್ಟ್ರು ಹಿಂದಿನ ಕೋಣೆಯೊಳಗೆ ಇಣುಕಿದ್ದು ಆಗ. ಅಷ್ಟು ಹೊತ್ತಿಗೆ ಅಲ್ಲಿ ಆರೇಳು ಆಕೃತಿಗಳಿದ್ದವು. ಬೆನ್ನ ಮೇಲೆ ಲಾಠಿ ಬಿದ್ದ ಹುಡುಗ, ಹೊಟ್ಟೆ ಒಡೆದ ಮನೆ, ನೂರಾರು ನಲ್ಲಿಗಳ ತಿರುಪಿನಿಂದ ಮಾಡಿದ ಓಡುವ ಜನ. ಮೂಲೆಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಗೂಳಿ. ಮುಂಡ ಒಂದು ನೀರಿನ ಡ್ರಮ್ಮು. ಅದನ್ನು ಮಧ್ಯಕ್ಕೆ ಸೀಳಿ, ಒಳಗೆ ಮನೆಮನೆಯ ಬೀಗ, ಕೊಂಡಿ, ಚಮಚಗಳನ್ನು ಕರುಳಿನ ಹಾಗೆ ಜೋಲುಬಿಟ್ಟಿದ್ದಳು. ತಲೆಗೆ ಅವನದೇ ಹೆಲ್ಮೆಟ್, ಕೈಗೆ ಅವನದೇ ಸಮ್ಮಟಿ, ತೊಡೆಯಲ್ಲಿ ಅರ್ಧ ಕತ್ತರಿ.

ಮೇಷ್ಟ್ರು ಒಂದೊಂದರ ಸುತ್ತಲೂ ಬಂದು ನೋಡಿದರು. "ಇದನ್ನ ಜನ ನೋಡಬೇಕಮ್ಮ" ಎಂದರು.

"ನೋಡಿ ಏನ್ ಮಾಡ್ತಾರೆ?"

"ಗೊತ್ತಿಲ್ಲ. ನನಗೆ ಎದೆ ಝಲ್ ಅಂತು. ಅವರಿಗೂ ಅನ್ನಲಿ."

ಊರಿನ ಹಳೇ ಅಚ್ಚುಕೂಟವೊಂದನ್ನು ಚಿತ್ರ ಪ್ರದರ್ಶನದ ಹಾಲ್ ಮಾಡಿದ್ದರು. ಮೇಷ್ಟ್ರು ಅಲ್ಲಿಯವರನ್ನು ಒಪ್ಪಿಸಿದರು. ಅತ್ತೆಗೆ ಕತ್ತರಿಯಕ್ಕ ಹೂವಿನ ಬಟ್ಟೆಯ ಅಂಗಿಯೊಂದನ್ನು ಹೊಲಿದು ತೊಡಿಸಿದ್ದಳು. ಅದನ್ನು ತೆಗೆಯಬೇಕೆಂದು ಮೇಷ್ಟ್ರು ಹೇಳಿದಾಗ ದೊಡ್ಡ ರಾದ್ಧಾಂತವಾಯಿತು.

"ನಮ್ಮತ್ತೇನ ಬೆತ್ತಲೆ ನಿಲ್ಲಿಸ್ತೀರಾ ಮೇಷ್ಟ್ರೇ? ನಿಮ್ಮತ್ತೇನ ನಿಲ್ಲಿಸ್ತೀರಾ ಹೀಗೆ?"

"ಬಟ್ಟೆ ಇದ್ರೆ ಹೊಲಿಗೆ ಕಾಣಲ್ಲಮ್ಮ. ಬೊಂಬೆ ಥರ ಕಾಣುತ್ತೆ. ಒಂದು ಸಲ ತೆಗೆದು ನೋಡಿ, ಬೇಡ ಅಂದ್ರೆ ಹಾಕಿ."

ತೆಗೆದು, ದೂರ ಹೋಗಿ ನಿಂತು ನೋಡಿದಳು. ಎದೆಗೆ ಅಡ್ಡಡ್ಡ ಹೋದ ತಂತಿಯ ಸಾಲುಗಳು ಬೆಳಕಿಗೆ ಮಿನುಗಿದವು. ಆ ಮನುಷ್ಯ ಹೇಳಿದ್ದು ಸರಿಯಿತ್ತು. ಒಪ್ಪಿಕೊಳ್ಳಲು ಇಷ್ಟವಿಲ್ಲದೆ, "ಚಳಿಗಾಲ ಬಂದ್ರೆ ಹಾಕ್ತೀನಿ" ಎಂದು ಗೊಣಗಿದಳು.

ಪ್ರದರ್ಶನ ಶುರುವಾದಾಗ ಮೊದಲು ಬಂದದ್ದು ಒಡೆದ ಗಲ್ಲಿಯವರು. ಅವರು ಕಲೆಯನ್ನೇನೂ ನೋಡಲಿಲ್ಲ, ತಮ್ಮ ಸಾಮಾನು ಹುಡುಕಿದರು. "ಏಯ್, ಇದು ನಮ್ಮ ಬಾಗಿಲ ಚಿಲಕ!" "ಈ ಸೌಟು ನಮ್ಮಮ್ಮಂದು ಕಣೋ." ಒಬ್ಬಳು ಗೂಳಿಯ ಹೊಟ್ಟೆಯಲ್ಲಿ ತನ್ನ ಮಗುವಿನ ಚಮಚ ಕಂಡು ಹಾಲ್‌ನ ನಡುವೆ ಕುಸಿದು ಕೂತಳು. ಎದ್ದವಳೇ ಗೂಳಿಯ ಮುಖಕ್ಕೆ ಉಗಿದಳು. ಆಮೇಲೆ ಬಂದವರೆಲ್ಲ ಉಗಿಯತೊಡಗಿದರು. ಹಾಲ್ ನೋಡಿಕೊಳ್ಳುವವರು ಬಕೆಟ್ಟು ಹಿಡಿದು ನಿಲ್ಲಬೇಕಾಯಿತು. ಕತ್ತರಿಯಕ್ಕ ಗೋಡೆಗೊರಗಿ ಅದನ್ನು ನೋಡುತ್ತಿದ್ದಳು. ಅವಳಿಗೆ ಹೊಟ್ಟೆ ತಣ್ಣಗಾದದ್ದು ಸುಳ್ಳಲ್ಲ. ಪತ್ರಿಕೆಯವರು ಬಂದು ಫೋಟೋ ಹೊಡೆದುಕೊಂಡು ಹೋದರು. ಶಾಲೆಗಳಿಂದ ಮಕ್ಕಳ ಸಾಲು ಬಂತು.

ಆ ಮಕ್ಕಳಲ್ಲಿ ಒಬ್ಬಳು, ಎರಡು ಜಡೆಯ ಹುಡುಗಿ, ಗೂಳಿಯ ಆಕೃತಿಯ ಹಿಂದೆ ಹೋಗಿ ಹೆಲ್ಮೆಟ್ಟನ್ನೇ ನೋಡುತ್ತಾ ನಿಂತಳು. ಟೀಚರ್ ಕರೆದರೂ ಕದಲಲಿಲ್ಲ. "ಈ ಮೀನು ನಾನು ಬರೆದಿದ್ದು" ಎಂದಳು. ಗೆಳತಿಯರು ಮುಂದಿನಿಂದ ಆ ಸೀಳಿದ ಹೊಟ್ಟೆ, ಆ ಉಗುಳು ಎಲ್ಲ ನೋಡಿದರು. ಮಕ್ಕಳು ಮಕ್ಕಳೇ. ಶಾಲೆ ತಲುಪುವಷ್ಟರಲ್ಲಿ ಅವಳು ಮುದುಕಿಯನ್ನು ಕೊಂದವನ ಮಗಳಾಗಿದ್ದಳು.

ಗೂಳಿ ಬಂದದ್ದು ಮಾರನೇ ಮಧ್ಯಾಹ್ನ. ಕುಡಿದಿರಲಿಲ್ಲ. ಕುಂಟುತ್ತಾ ಬಂದ, ಕೈಯಲ್ಲಿ ಒಂದು ಕಬ್ಬಿಣದ ಸರಳು. ಬಾಗಿಲಲ್ಲಿದ್ದ ಕಾವಲಿನವನು ಆ ಮುಖ ನೋಡಿಯೇ ಹೊರಗೆ ಓಡಿದ. ಹಾಲಿನಲ್ಲಿ ನಾಲ್ಕಾರು ಜನ ಇದ್ದರು. ಗೂಳಿ ಯಾರನ್ನೂ ನೋಡದೆ ನೇರ ತನ್ನ ಆಕೃತಿಯ ಮುಂದೆ ಹೋಗಿ ನಿಂತ. ತನ್ನ ಹೊಟ್ಟೆಯೊಳಗೆ ಜೋಲುತ್ತಿದ್ದ ಚಮಚಗಳನ್ನು ನೋಡಿದ. ಆಮೇಲೆ ಸರಳು ಎತ್ತಿದ. ಮೊದಲ ಏಟಿಗೇ ಹೆಲ್ಮೆಟ್ ಹಾರಿ ಗೋಡೆಗೆ ಬಡಿಯಿತು. ಡ್ರಮ್ಮು ಸದ್ದು ಮಾಡುತ್ತಾ ಉರುಳಿತು, ಬೀಗ ಕೊಂಡಿಗಳು ನೆಲದ ತುಂಬ ಚೆಲ್ಲಿದವು. ಅಲ್ಲಿಗೆ ಅವನ ಸಿಟ್ಟು ಇಳಿಯಲಿಲ್ಲ. ಲಾಠಿ ಏಟಿನ ಹುಡುಗನನ್ನು ಮುರಿದ, ಮನೆಯನ್ನು ಮುರಿದ, ಅತ್ತೆಯ ಕಡೆಗೆ ತಿರುಗಿದ. ಮೇಷ್ಟ್ರು ಎರಡೂ ಕೈ ಚಾಚಿ ಅಡ್ಡ ನಿಂತರು.

"ಬೇಡಪ್ಪ. ಇದೊಂದು ಬೇಡ."

ಸರಳು ಅವರ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಕೇಳಿದವರು ಇವತ್ತಿಗೂ ಅದರ ಬಗ್ಗೆ ಹೇಳುತ್ತಾರೆ. ಎರಡನೇ ಏಟು ಅತ್ತೆಯ ಎದೆಗೆ ಬಿತ್ತು. ತಂತಿಯ ಹೊಲಿಗೆ ಸಾಲಾಗಿ ಬಿಚ್ಚಿಕೊಂಡಿತು.

ಕತ್ತರಿಯಕ್ಕ ಅಲ್ಲೇ ಹಿಂದಿನ ಕೋಣೆಯಲ್ಲಿ ಗಂಡನ ಜೊತೆ ಊಟಕ್ಕೆ ಕೂತಿದ್ದಳು. ಸದ್ದಿಗೆ ಎದ್ದು ಬಂದವಳ ಕೈಗೆ ರಿಪೇರಿಗೆಂದು ಇಟ್ಟುಕೊಂಡಿದ್ದ ತಂತಿಯ ಸುರುಳಿ ಸಿಕ್ಕಿತು. ಅವಳು ಕೂಗಲಿಲ್ಲ. ಹಿಂದಿನಿಂದ ಹೋಗಿ, ತಂತಿಯನ್ನು ಗೂಳಿಯ ತಲೆಯ ಮೇಲಿಂದ ಇಳಿಸಿ, ಎರಡು ತುದಿಯನ್ನೂ ಕೈಗೆ ಸುತ್ತಿಕೊಂಡು ಮೈಯ ಭಾರವೆಲ್ಲ ಬಿಟ್ಟು ಎಳೆದಳು. ಅವನು ಹಿಂದಕ್ಕೆ ಅವಳ ಮೇಲೇ ಬಿದ್ದ. ಮೊಣಕೈಯಿಂದ ಗುದ್ದಿದ. ಅವಳ ದವಡೆ ಮತ್ತೆ ಲಟಕ್ಕೆಂದಿತು, ಬಾಯಿಂದ ರಕ್ತ ಇಳಿಯಿತು. ಅವಳು ಬಿಡಲಿಲ್ಲ. ಅವನ ಬೆನ್ನಿಗೆ ಮಂಡಿಯೂರಿ ಎಳೆದಳು.

"ನನ್ನ ಮಗಳು..." ಗೂಳಿ ಗೊರಗುಟ್ಟಿದ. "ನನ್ನ ಮಗಳು ನನ್ನ ಮುಖ ನೋಡ್ತಿಲ್ಲ..."

"ನಮ್ಮತ್ತೆ ಯಾರ ಮುಖಾನೂ ನೋಡ್ತಿಲ್ಲ" ಎಂದಳು. ಇನ್ನೊಂದು ಸುತ್ತು ತಿರುಚಿದಳು.

ಅವನ ಮುಖ ಕಪ್ಪಿಟ್ಟಿತು. ಕಾಲು ನೆಲವನ್ನು ಒದೆಯುತ್ತಿತ್ತು, ಚೆಲ್ಲಿದ ಬೀಗಗಳು ಜಣಜಣ ಎನ್ನುತ್ತಿದ್ದವು. ಆಗ ಗಂಡ ಓಡಿಬಂದ. ಅವನು ಅವಳ ಕೈ ಹಿಡಿಯಲಿಲ್ಲ. ಹಿಡಿದರೆ ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ತನ್ನ ಬಲಗೈಯ ಬೆರಳುಗಳನ್ನೇ ತಂತಿಗೂ ಗೂಳಿಯ ಗಂಟಲಿಗೂ ನಡುವೆ ತೂರಿಸಿದ. ತಂತಿ ಬೆರಳಿಗೆ ಇಳಿಯಿತು.

"ಸತ್ತೋಳು ನನ್ನಮ್ಮ ಕಣೇ!" ಅವನು ಚೀರಿದ. ಅವನು ಗಂಟಲೆತ್ತಿದ್ದನ್ನು ಅವಳು ಅವತ್ತಿನವರೆಗೆ ಕೇಳಿರಲಿಲ್ಲ. "ನಿನ್ನಮ್ಮ ಅಲ್ಲ, ನನ್ನಮ್ಮ. ಗಾಡಿ ತರೋಕೆ ಹೋಗಿ ನಿಂತೋನು ನಾನು. ಬಿಡು ಅಂತ ನಾನು ಹೇಳ್ತಿದೀನಿ. ಬಿಡು!"

ಅವಳ ಕಣ್ಣು ತಂತಿಯ ಮೇಲಿತ್ತು. ಅಲ್ಲಿ ಸುರಿಯುತ್ತಿದ್ದ ರಕ್ತ ಗೂಳಿಯದು ಎಂದುಕೊಂಡಿದ್ದಳು. ಗಂಡನ ಬೆರಳು ಕಂಡಿತು. ಎಳೆಯುವುದನ್ನು ಬಿಟ್ಟಳು. ಕೈಗೆ ಸುತ್ತಿದ್ದು ಬಿಚ್ಚಿಕೊಳ್ಳಲಾಗದೆ ಇಕ್ಕಳದಿಂದ ಕತ್ತರಿಸಬೇಕಾಯಿತು.

ಅಂದು ಆ ಹಾಲಿನಿಂದ ನಾಲ್ಕು ಮಂದಿಯನ್ನು ಒಂದೇ ಆಸ್ಪತ್ರೆಗೆ ಸಾಗಿಸಿದರು. ಮೇಷ್ಟ್ರ ಕೈ ಕೂಡಿಕೊಂಡಿತು, ಆದರೆ ಕುಂಚ ಹಿಡಿದರೆ ನಡುಗುತ್ತದೆ. ಗಂಡನ ಎರಡು ಬೆರಳಿಗೆ ಈಗಲೂ ಬಿಸಿ ತಂಪು ತಿಳಿಯುವುದಿಲ್ಲ. ಗೂಳಿಗೆ ದನಿ ಹೋಯಿತು, ಅವನು ಮಾತಾಡಿದರೆ ಗರಗಸದಲ್ಲಿ ಒದ್ದೆ ಮರ ಕೊಯ್ದ ಹಾಗೆ. ಹಾಲ್ ಒಡೆದದ್ದಕ್ಕೆ, ಮೇಷ್ಟ್ರ ಕೈ ಮುರಿದದ್ದಕ್ಕೆ ಅವನು ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ಕತ್ತರಿಯಕ್ಕನಿಗೆ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು. ಅತ್ತೆಯ ಸಾವಿಗೆ ಯಾರಿಗೂ ಯಾವ ಶಿಕ್ಷೆಯೂ ಆಗಲಿಲ್ಲ.

ಹಾಲ್ ನೋಡಿಕೊಳ್ಳುವವರು ಒಡೆದುಬಿದ್ದದ್ದನ್ನು ಹಾಗೇ ಇಡೋಣ, ಇನ್ನೂ ಚೆನ್ನಾಗಿ ಕಾಣುತ್ತದೆ ಎಂದರು. "ನಿಮ್ಮ ಕೈ ಕಾಲು ಮುರಿದು ಹಾಗೇ ಇಡ್ಲಾ? ಅದೂ ಚೆನ್ನಾಗಿ ಕಾಣುತ್ತೆ" ಎಂದು ಕತ್ತರಿಯಕ್ಕ ಈ ಸಲ ಒಂದು ಕಡೆಗಷ್ಟೇ ತಂತಿ ಕಟ್ಟಿದ್ದ ದವಡೆಯ ಸಂದಿನಿಂದಲೇ ಉಗಿದು, ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಬಂದು ಮತ್ತೆ ಹೊಲಿದಳು. ಹಳೇ ತೂತುಗಳು ಹರಿದಿದ್ದವು. ಪಕ್ಕದಲ್ಲಿ ಹೊಸ ತೂತು ಹೊಡೆದಳು. ಗೂಳಿಯನ್ನು ಮಾತ್ರ ಬಹಳ ದಿನ ಮುಟ್ಟಲಿಲ್ಲ.

ಗೂಳಿ ಜೈಲಿನಲ್ಲಿದ್ದಾಗಲೇ ಅವನ ಹೆಂಡತಿ ಅಂಗಡಿಗೆ ಬಂದಳು. ಜೊತೆಯಲ್ಲಿ ಆ ಎರಡು ಜಡೆಯ ಹುಡುಗಿ. ತಾನು ಯಾರೆಂದು ಅವಳು ಹೇಳಲಿಲ್ಲ. ಯೂನಿಫಾರಂ ಗಿಡ್ಡವಾಗಿದೆ, ಅಂಚು ಬಿಚ್ಚಿ ಉದ್ದ ಮಾಡಿ ಕೊಡಬೇಕು ಎಂದಳು. ಬೇರೆ ಟೈಲರ್‌ಗಳಿಲ್ಲದ ಊರೇನಲ್ಲ ಅದು. ಕತ್ತರಿಯಕ್ಕ ಟೇಪು ತೆಗೆದುಕೊಂಡು ಹುಡುಗಿಯ ಮುಂದೆ ಮಂಡಿಯೂರಿದಳು. ಹುಡುಗಿ ನೆಟ್ಟಗೆ ನಿಂತಿದ್ದಳು.

"ಆ ಅಜ್ಜಿ ಒಳಗೆ ಇದ್ರಾ ಆಂಟಿ?"

"ಇದ್ರು."

"ನಮ್ಮಪ್ಪಂಗೆ ಗೊತ್ತಿತ್ತಾ?"

ಕತ್ತರಿಯಕ್ಕ ಟೇಪಿನ ತುದಿಯನ್ನು ಹುಡುಗಿಯ ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ಗೊತ್ತಿತ್ತು ಎಂದು ಒಂದು ಮಾತು ಅಂದಿದ್ದರೆ ಆ ಮನುಷ್ಯನನ್ನು ತಂತಿಯಿಲ್ಲದೆ ಮುಗಿಸಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ.

"ನಾನು ಕೂಗಿದೆ" ಎಂದಳು. "ಬುಲ್ಡೋಜರಿನ ಸದ್ದಿತ್ತು. ಅವನ ಕಿವಿಗೆ ಬಿತ್ತೋ ಇಲ್ವೋ ನಂಗೊತ್ತಿಲ್ಲ. ಬಂದ ಮೇಲೆ ನೀನೇ ಕೇಳು. ಮುಖ ನೋಡಿ ಕೇಳು."

ಆಮೇಲೆ ಹಿಂದಿನ ಕೋಣೆಗೆ ಹೋಗಿ ಆ ಹೆಲ್ಮೆಟ್ ತಂದು ಹುಡುಗಿಯ ಕೈಗಿಟ್ಟಳು. ಅದಕ್ಕೆ ಸೀಳು ಬಿದ್ದಿತ್ತು, ಮೀನು ಹಾಗೇ ಇತ್ತು. "ಮೀನಿಗೆ ಕಣ್ಣು ಬರೆದಿಲ್ಲ ನೀನು, ಸೋಮಾರಿ" ಎಂದಳು. ಹುಡುಗಿ ನಗಲಿಲ್ಲ, ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ಹೋದಳು. ಅವಳು ತಂದೆಯನ್ನು ಕೇಳಿದಳೋ, ಅವನು ಏನು ಹೇಳಿದನೋ, ಕತ್ತರಿಯಕ್ಕ ಎಂದೂ ವಿಚಾರಿಸಲಿಲ್ಲ. ಕ್ಷಮಿಸಿದೆಯಾ ಎಂದು ಯಾರಾದರೂ ಕೇಳಿದರೆ ಬೈದು ಕಳಿಸುತ್ತಾಳೆ.

ಆ ಡ್ರಮ್ಮಿನ ಮುಂಡಕ್ಕೆ ಅವಳು ಆಮೇಲೆ ತಲೆಯನ್ನೇ ಇಡಲಿಲ್ಲ. ಹೊಟ್ಟೆಯೊಳಗಿನ ಬೀಗ ಚಮಚಗಳಲ್ಲಿ ಕೇಳಿದವರಿಗೆ ಅವರವರದನ್ನು ಬಿಚ್ಚಿ ಕೊಟ್ಟಳು. ಚಮಚದವಳು ಬಂದು ತೆಗೆದುಕೊಂಡು ಹೋದಳು. ಉಳಿದದ್ದು ಉಳಿಯಿತು. ಈಗ ಬೇರೆ ಬೇರೆ ಕಡೆ ಮನೆ ಕಳೆದುಕೊಂಡವರು ತಾವಾಗಿಯೇ ತಂದುಕೊಡುತ್ತಾರೆ. ಸುಟ್ಟ ಮನೆಯ ಬಾಗಿಲ ಕೊಂಡಿ, ಅಪಘಾತದಲ್ಲಿ ಜಜ್ಜಿಹೋದ ಸೈಕಲ್ಲು. ತಂದವರನ್ನು ಕೂರಿಸಿಕೊಂಡು ಏನಾಯಿತು ಎಂದು ಪೂರ್ತಿ ಕೇಳುತ್ತಾಳೆ. ಅಳಲು ಶುರುಮಾಡಿದರೆ, "ಅಳೋದು ಆಮೇಲೆ, ಮೊದಲು ಹೇಳು" ಎಂದು ಗದರುತ್ತಾಳೆ.

ಕಳೆದ ವಾರ ಇನ್ನೊಂದು ಪ್ರದರ್ಶನಕ್ಕೆ ಸಾಮಾನು ಸಾಗಿಸುತ್ತಿದ್ದರು. ಗಂಡ ಕೈಗಾಡಿ ಎಳೆಯುತ್ತಿದ್ದ, ಅವಳು ಹಿಂದಿನಿಂದ ತಳ್ಳುತ್ತಿದ್ದಳು. ಗಾಡಿಯ ಮೇಲೆ ಸೈಕಲ್ಲಿನ ಚಕ್ರಗಳಿಂದ ಹೊಲಿದ ದೊಡ್ಡದೊಂದು ಹಕ್ಕಿ, ಕುತ್ತಿಗೆ ಮುರಿದದ್ದು, ರೆಕ್ಕೆ ರಸ್ತೆಯ ಅರ್ಧಕ್ಕೆ ಚಾಚಿತ್ತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. ಕೊನೆಗೆ ತಲೆ ಹೊರಗೆ ಹಾಕಿ, "ಏನಮ್ಮಾ, ಗುಜರಿನ ಇನ್ನೊಂದು ದಾರೀಲಿ ಸಾಗಿಸ್ಬಾರ್ದಾ?" ಎಂದ.

ಕತ್ತರಿಯಕ್ಕ ಗಾಡಿ ಬಿಟ್ಟು ಅವನ ಕಡೆ ತಿರುಗಿದಳು. ಗಂಡ ಹಿಡಿಕೆಗಳನ್ನು ನೆಲಕ್ಕೆ ಊರಿ, ಪಕ್ಕದ ಅಂಗಡಿಯ ನೆರಳಲ್ಲಿ ಆರಾಮಾಗಿ ಕೂತ. ಇದು ಬೇಗ ಮುಗಿಯುವ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು.